ಹರುಹಿ ಸುಜುಮಿಯಾ: 28 ಕಂತುಗಳ ಆವೃತ್ತಿ ಮತ್ತು ತಾರೀಖಿನ ಲೆಕ್ಕ

ಜಪಾನಿನ ಕ್ಯೋಟೊ ಆನಿಮೇಷನ್ ತಯಾರಿಸಿದ ಹರುಹಿ ಸುಜುಮಿಯಾ ಆನಿಮೆ ಸರಣಿಗೆ ಎರಡು ರೂಪಗಳಿವೆ. 2006ರ ಏಪ್ರಿಲ್‌ನಿಂದ ಜುಲೈವರೆಗೆ ಪ್ರಸಾರವಾದ 14 ಕಂತುಗಳ ಮೊದಲ ರೂಪದಲ್ಲಿ ಘಟನೆಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಜೋಡಿಸಲಾಗಿತ್ತು. 2009ರಲ್ಲಿ ಅವುಗಳ ಜೊತೆಗೆ 14 ಹೊಸ ಕಂತುಗಳನ್ನು ಸೇರಿಸಿ, ಎಲ್ಲವನ್ನೂ ಕಥೆಯೊಳಗಿನ ತಾರೀಖಿಗೆ ಸರಿಯಾಗಿ ಸಾಲುಗೂಡಿಸಿ, ಒಟ್ಟು 28 ಕಂತುಗಳಾಗಿ ಮರಳಿ ಪ್ರಸಾರ ಮಾಡಲಾಯಿತು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಎರಡನೆಯ ರೂಪವನ್ನು, ಅದೂ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು: ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ಕೂತು ಲೆಕ್ಕ ಹಾಕುವ ಹುಚ್ಚಿರುವ ಪ್ರೇಕ್ಷಕರಿಗೆ ಈ ಆವೃತ್ತಿ ಎಷ್ಟರ ಮಟ್ಟಿಗೆ ಒದಗುತ್ತದೆ? ಮುಂದೆ ಕಥೆಯ ಗುಟ್ಟುಗಳು ಬಯಲಾಗುತ್ತವೆ. ಏನೂ ತಿಳಿಯದೆ ನೋಡಬೇಕೆನ್ನುವವರು ಕೆಳಗೆ ಕೊಟ್ಟಿರುವ ಕಂತುಗಳ ಅನುಕ್ರಮವನ್ನಷ್ಟೇ ಬರೆದುಕೊಂಡು ಉಳಿದದ್ದನ್ನು ನಂತರ ಓದಬಹುದು.

ಕಥೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ನಾಗರು ತಾನಿಗಾವಾ ಅವರು 2003ರಿಂದ ಪ್ರಕಟಿಸುತ್ತ ಬಂದ ಕಾದಂಬರಿ ಮಾಲೆಯೇ ಇದರ ಮೂಲ. ಕ್ಯೋನ್ ಎಂಬ ಅಡ್ಡಹೆಸರಿನ ಹುಡುಗ ಹೈಸ್ಕೂಲಿಗೆ ಸೇರುತ್ತಾನೆ. ಅವನ ಹಿಂದಿನ ಬೆಂಚಿನ ಹರುಹಿ ಎಂಬ ಹುಡುಗಿ ಸಾಮಾನ್ಯ ಮನುಷ್ಯರಲ್ಲಿ ತನಗೆ ಆಸಕ್ತಿಯಿಲ್ಲವೆಂದು ಮೊದಲ ದಿನವೇ ಘೋಷಿಸಿ, ಎಸ್‌ಒಎಸ್ ದಳ ಎಂಬ ಸಂಘ ಕಟ್ಟುತ್ತಾಳೆ. ಆ ಸಂಘಕ್ಕೆ ಬಂದು ಸೇರುವ ಯುಕಿ ನಾಗಾತೊ ಅನ್ಯಗ್ರಹದ ಶಕ್ತಿಯೊಂದು ರೂಪಿಸಿ ಕಳಿಸಿದವಳು, ಮಿಕುರು ಅಸಾಹಿನಾ ಭವಿಷ್ಯದಿಂದ ಬಂದವಳು, ಕೊಯಿಜುಮಿ ಅತೀಂದ್ರಿಯ ಶಕ್ತಿಯವನು. ಲೋಕವನ್ನೇ ತನ್ನ ಮನಸ್ಸಿನಂತೆ ಬದಲಾಯಿಸುವ ಸಾಮರ್ಥ್ಯ ಹರುಹಿಗೆ ಇದೆಯೆಂಬುದು ಅವಳೊಬ್ಬಳಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತು, ಮತ್ತು 'ಮೂರು ವರ್ಷದ ಹಿಂದೆ ಏನೋ ನಡೆಯಿತು' ಎಂಬ ಮಾತನ್ನು ಆ ಮೂವರೂ ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತಾರೆ. ಕಾಲದ ಗಂಟು ಬಿಚ್ಚಲು ಹೊರಟವರು ಈ ಒಂದು ಮಾತನ್ನು ಮೊದಲ ಸಾಲಿನಲ್ಲೇ ಬರೆದಿಟ್ಟುಕೊಳ್ಳಬೇಕು.

ನಾನು ಈ ಸರಣಿಯನ್ನು ನೋಡಿದ್ದು ಚಿಕ್ಕಮಗಳೂರಿನ ಮನೆಯಲ್ಲಿ, ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನ ಜೊತೆ, ಅವನು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬಂದಾಗಲೆಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲೆ ಮಾಡಿ ಒಂದಕ್ಕೊಂದು ಅಂಟಿಸಿ, ಕಂತಿಗೊಂದು ಚೀಟಿ ಬರೆದು, ಅಂಟಿಸದೆ ಸುಮ್ಮನೆ ಇಟ್ಟು, ಹೊಸ ಸುಳಿವು ಸಿಕ್ಕಂತೆಲ್ಲ ಅತ್ತಿತ್ತ ಸರಿಸುವುದು ಅವನದೇ ಉಪಾಯ. ಈ ಕೆಲಸಕ್ಕೆ ಮೊಬೈಲಿಗಿಂತ ನೆಲದ ಮೇಲೆ ಹಾಸಿದ ಕಾಗದವೇ ಮೇಲು. ಇಡೀ ವರ್ಷ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ.

2006ರ ಜೋಡಣೆ ಎಷ್ಟು ಧೈರ್ಯದ್ದು ಎಂಬುದು ಅದರ ಮೊದಲ ಕಂತಿನಲ್ಲೇ ಗೊತ್ತಾಗುತ್ತದೆ. ಪಾತ್ರಗಳ ಪರಿಚಯವಿಲ್ಲ, ಪೀಠಿಕೆಯಿಲ್ಲ. ಕೈ ನಡುಗುವ ಕ್ಯಾಮರಾದಲ್ಲಿ ತೆಗೆದ, ನಟನೆಯೇ ಬಾರದ ಮಕ್ಕಳ ಒಂದು ಸಿನಿಮಾ ಶುರುವಾಗುತ್ತದೆ. ಮಿಕುರು ಕಣ್ಣಿನಿಂದ ಕಿರಣ ಬಿಡುತ್ತಾಳೆ, ಬೆಕ್ಕು ಮಾತಾಡುತ್ತದೆ, ನಡುವೆ ಊರಿನ ಅಂಗಡಿಯ ಜಾಹೀರಾತೂ ಬರುತ್ತದೆ. ಇದು ಶಾಲೆಯ ಸಾಂಸ್ಕೃತಿಕ ಹಬ್ಬಕ್ಕೆಂದು ಎಸ್‌ಒಎಸ್ ದಳ ತೆಗೆದ ಚಿತ್ರ ಎಂದು ಕೊನೆಗೆ ತಿಳಿಯುತ್ತದೆಯಾದರೂ, ಹದಿನಾಲ್ಕರಲ್ಲಿ ಇದು ನಡೆದದ್ದು ಹನ್ನೊಂದನೆಯದಾಗಿ ಎಂಬುದು ತಿಳಿಯಲು ವಾರಗಟ್ಟಲೆ ಬೇಕು. ಪ್ರತಿ ಕಂತಿನ ಕೊನೆಯ ಮುನ್ನೋಟದಲ್ಲಿ ಹರುಹಿ ಮುಂದಿನ ಕಂತಿನ ಸಂಖ್ಯೆಯನ್ನು ಕಾಲಾನುಕ್ರಮದ ಪ್ರಕಾರ ಹೇಳುತ್ತಾಳೆ, ಕ್ಯೋನ್ ಪ್ರಸಾರದ ಪ್ರಕಾರ ತಿದ್ದುತ್ತಾನೆ. ಇಬ್ಬರ ಈ ಜಗಳವೇ ತಯಾರಕರು ಪ್ರೇಕ್ಷಕರ ಕೈಗೆ ಕೊಟ್ಟ ಕೀಲಿಕೈ. ಅದನ್ನು ಹಾಸ್ಯವೆಂದು ದಾಟಿಸಿ ಮುಂದೆ ಹೋದವರಿಗೆ ಸರಣಿ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಬರೆದುಕೊಂಡವರಿಗೆ ಆ ಅಡ್ಡಾದಿಡ್ಡಿಯಲ್ಲಿ ಒಂದು ಲೆಕ್ಕಾಚಾರ ಕಾಣತೊಡಗುತ್ತದೆ.

28ರ ಆವೃತ್ತಿಯ ದೊಡ್ಡ ಉಪಯೋಗವೇನೆಂದರೆ, ಹಳೆಯ ಹದಿನಾಲ್ಕೂ ಅದರೊಳಗೇ ಇರುವುದರಿಂದ 2006ರ ಅನುಭವವನ್ನು ಅದರಿಂದಲೇ ಮತ್ತೆ ಕಟ್ಟಿಕೊಳ್ಳಬಹುದು. 28ರ ಸಂಖ್ಯೆಗಳಲ್ಲಿ ಹೇಳುವುದಾದರೆ ಹಳೆಯ ಪ್ರಸಾರದ ಅನುಕ್ರಮ ಹೀಗಿದೆ: 25, 1, 2, 7, 3, 10, 9, 11, 28, 4, 27, 26, 5, 6. ಮೊದಲ ಬಾರಿ ನೋಡುವವರು ಈ ಸಾಲನ್ನೇ ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ, ಹರುಹಿಗೆ ಬೇಸರ ಬಂತೆಂದು ಬೇಸ್‌ಬಾಲ್ ಪಂದ್ಯಕ್ಕೆ ಹೋಗುವ 'ಬೋರ್ಡಮ್' ಕಂತು ಹಳೆಯ ಪ್ರಸಾರದಲ್ಲಿ ನಾಲ್ಕನೆಯದು. ಅವಳ ಬೇಸರದಿಂದ ಹುಟ್ಟುವ 'ಕ್ಲೋಸ್ಡ್ ಸ್ಪೇಸ್' ಎಂಬ ಬೂದು ಲೋಕದ ಬಗ್ಗೆ ಕೊಯಿಜುಮಿ ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಮಾತಾಡುತ್ತಾನೆ. ಆ ಲೋಕದೊಳಗೆ ಕ್ಯೋನ್ ಮೊದಲ ಸಲ ಕಾಲಿಡುವುದನ್ನು ನಮಗೆ ತೋರಿಸುವುದು ಹದಿಮೂರನೆಯ ಕಂತಿನಲ್ಲಿ. ನಡುವಿನ ಅಷ್ಟೂ ವಾರಗಳ ಕಾಲ ಪ್ರೇಕ್ಷಕ ಆ ಪ್ರಶ್ನೆಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿರುತ್ತಾನೆ. 28ರ ಕ್ರಮದಲ್ಲಿ ಇದು ಐದನೆಯ ಕಂತಿನಲ್ಲಿ ವಿವರಣೆ, ಏಳನೆಯದರಲ್ಲಿ ಬಳಕೆ ಎಂದು ಚೊಕ್ಕವಾಗಿ ಮುಗಿದುಹೋಗುತ್ತದೆ. ಅರ್ಥವಾಗುವುದು ಸುಲಭ, ಆದರೆ ಮನಸ್ಸಿನಲ್ಲಿ ಉಳಿಯುವುದು ಕಡಿಮೆ.

ಮುನ್ನೋಟದ ಸಂಖ್ಯೆಗಳನ್ನು ನೋಡದೆ, ಕಂತಿನೊಳಗಿನ ಸುಳಿವುಗಳಿಂದಲೇ ಕಾಲವನ್ನು ಹೇಳಲು ಸಾಧ್ಯವೇ? ಸಾಧ್ಯ, ಮತ್ತು ಈ ಸರಣಿಯ ನಿಜವಾದ ಕುಸುರಿ ಇರುವುದು ಅಲ್ಲಿಯೇ. ಶುರುವಿನಲ್ಲಿ ಹರುಹಿಯ ಕೂದಲು ಉದ್ದ. ಸೋಮವಾರ ಸುಮ್ಮನೆ ಇಳಿಬಿಟ್ಟಿರುತ್ತಾಳೆ, ಮಂಗಳವಾರ ಒಂದು ಕಡೆ ಕಟ್ಟಿರುತ್ತಾಳೆ, ಬುಧವಾರ ಎರಡು, ಹೀಗೆ ವಾರ ಮುಂದುವರಿದಂತೆ ಕಟ್ಟುಗಳು ಏರುತ್ತವೆ. ಕ್ಯೋನ್ ಇದನ್ನು ಗಮನಿಸಿ ಕೇಳಿದ ಮೇಲೆ ಅವಳು ಕೂದಲನ್ನೇ ಕತ್ತರಿಸಿಕೊಂಡು ಬರುತ್ತಾಳೆ. ಹಾಗಾಗಿ ಉದ್ದ ಕೂದಲಿನ ಹೈಸ್ಕೂಲು ದೃಶ್ಯ ಕಂಡರೆ ಅದು ಶಾಲೆ ಶುರುವಾದ ಮೊದಲ ವಾರಗಳದ್ದೆಂದು ಕಣ್ಣು ಮುಚ್ಚಿ ಹೇಳಬಹುದು, ಕಟ್ಟುಗಳನ್ನು ಎಣಿಸಿದರೆ ವಾರದ ದಿನವನ್ನೂ ಹೇಳಬಹುದು. ಎರಡನೆಯ ಸುಳಿವು ತರಗತಿಯ ಲೀಡರ್ ಅಸಾಕುರಾ. 28ರ ಕ್ರಮದ ಮೊದಲ ಆರು ಕಂತುಗಳ ಕಥೆಯಾದ 'ಮೆಲಂಕಲಿ'ಯ ನಾಲ್ಕನೆಯ ಭಾಗದಲ್ಲಿ ಅವಳು ಚಾಕು ಹಿಡಿದು ಕ್ಯೋನ್‌ನ ಮೇಲೆ ಬೀಳುತ್ತಾಳೆ, ನಾಗಾತೊ ಅವಳನ್ನು ಇಲ್ಲವಾಗಿಸುತ್ತಾಳೆ, ಶಾಲೆಯವರಿಗೆ ಕೆನಡಾಕ್ಕೆ ಹೋದಳೆಂಬ ಸಮಜಾಯಿಷಿ ಸಿಗುತ್ತದೆ. ಅವಳು ತರಗತಿಯಲ್ಲಿದ್ದರೆ ಅದಕ್ಕೆ ಮೊದಲು, ಇಲ್ಲದಿದ್ದರೆ ಆಮೇಲೆ. ಈ ನಿಯಮವನ್ನು ಗಟ್ಟಿಯಾಗಿ ನೆನಪಿಡಿ.

ಇವು ಸುಲಭದ ಸುಳಿವುಗಳು. ನನಗೆ ಹೆಚ್ಚು ಇಷ್ಟವಾದದ್ದು ಸಾಮಾನು ಸರಂಜಾಮುಗಳ ಸರಪಣಿ. 'ಸಮ್‌ಡೇ ಇನ್ ದ ರೇನ್' ಎಂಬ ಕಂತಿನಲ್ಲಿ ಹೇಳಿಕೊಳ್ಳುವಂಥ ಘಟನೆಯೇ ಇಲ್ಲ: ಸಂಘದ ಕೋಣೆಗೆ ಹೀಟರ್ ತರಲು ಕ್ಯೋನ್ ಒಬ್ಬನೇ ಗುಡ್ಡ ಇಳಿದು ಪೇಟೆಗೆ ಹೋಗಿ, ಮಳೆಯಲ್ಲಿ ಹೊತ್ತುಕೊಂಡು ಬರುತ್ತಾನೆ. ಆ ಹೀಟರ್ ಕೊಡುವ ಎಲೆಕ್ಟ್ರಿಕ್ ಅಂಗಡಿಯವರೇ ಮೊದಲ ಕಂತಿನ ಆ ಕೆಟ್ಟ ಸಿನಿಮಾದೊಳಗೆ ಜಾಹೀರಾತು ಹಾಕಿಸಿಕೊಂಡವರು. ಆದ್ದರಿಂದ ಸಿನಿಮಾ ಮೊದಲು, ಹೀಟರ್ ಆಮೇಲೆ. ಹಾಗೆಯೇ ಶಾಲೆಯ ಸಾಂಸ್ಕೃತಿಕ ಹಬ್ಬದ ದಿನ ನಡೆಯುವ 'ಲೈವ್ ಅಲೈವ್' ಕಂತಿನ ವೇದಿಕೆಯ ಮೇಲೆ ಗಿಟಾರ್ ನುಡಿಸುವ ನಾಗಾತೊಳ ತಲೆಯ ಮೇಲಿರುವ ಕಪ್ಪು ಮಾಟಗಾತಿ ಟೊಪ್ಪಿಯನ್ನು ಸಿನಿಮಾದಲ್ಲಿ ನೋಡಿದ್ದೇವೆ; ಅದೇ ಹಬ್ಬದ ದಿನ ಆ ಚಿತ್ರದ ಪ್ರದರ್ಶನವೂ ನಡೆಯುತ್ತಿರುತ್ತದೆ. ಕಂಪ್ಯೂಟರ್ ಸಂಘದವರು ಹರುಹಿ ತಮ್ಮಿಂದ ಕಸಿದುಕೊಂಡ ಕಂಪ್ಯೂಟರನ್ನು ಮರಳಿ ಪಡೆಯಲು ತಾವೇ ಬರೆದ ಯುದ್ಧದ ಆಟಕ್ಕೆ ಪಂಥ ಕಟ್ಟುವ 'ಡೇ ಆಫ್ ಸ್ಯಾಜಿಟೇರಿಯಸ್' ಹಬ್ಬದ ನಂತರದ್ದು. ಹೀಗೆ ಸಿನಿಮಾ, ಹಬ್ಬ, ಆಟ, ಹೀಟರ್ ಎಂದು ನಾಲ್ಕು ಚೀಟಿಗಳು ತಮ್ಮಷ್ಟಕ್ಕೆ ತಾವೇ ಸಾಲಾಗಿ ಕೂರುತ್ತವೆ, ಒಂದು ತಾರೀಖನ್ನೂ ಯಾರೂ ಬಾಯಿಬಿಟ್ಟು ಹೇಳದೆ.

ಇಲ್ಲಿ ಮಲೆನಾಡಿನ ಪ್ರೇಕ್ಷಕರಿಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಋತುಗಳನ್ನು ನಂಬಿ ಕಾಲ ಹೇಳಲು ಹೋದರೆ ನಮ್ಮೂರಿನ ಅನುಭವ ನಮಗೇ ತಿರುಗಿ ಬೀಳುತ್ತದೆ. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಬೇಸಿಗೆ ರಜೆ ಸುಮಾರಾಗಿ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ. ಜೀರುಂಡೆಗಳು ಕಿವಿ ತುಂಬುವಂತೆ ಕೂಗುವುದೂ ಅಲ್ಲಿ ಆ ರಜೆಯಲ್ಲೇ. ನಮ್ಮಲ್ಲಿ ಜೀರುಂಡೆ ಕೂಗು, ಸುಡು ಬಿಸಿಲು, ಶಾಲೆಯ ರಜೆ ಈ ಮೂರೂ ಒಟ್ಟಿಗೆ ಬರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು. ಆದಕಾರಣ 'ಎಂಡ್‌ಲೆಸ್ ಎಯ್ಟ್' ಎಂಬ ಬೇಸಿಗೆ ರಜೆಯ ಕಂತುಗಳ ಜೀರುಂಡೆ ಕೂಗನ್ನು ಕೇಳಿದ ನಮ್ಮ ಕಡೆಯವರು ಇದು ಶಾಲೆ ಶುರುವಾಗುವುದಕ್ಕೆ ಮೊದಲಿನ ಕಥೆ ಎಂದುಕೊಳ್ಳುವುದು ತೀರ ಸಹಜ. ಅದು ನಡೆಯುವುದು ಆಗಸ್ಟ್ 17ರಿಂದ 31ರವರೆಗೆ. ನಮ್ಮಲ್ಲಿ ಆ ಹೊತ್ತಿಗೆ ಶ್ರಾವಣದ ಜಡಿಮಳೆ.

ಹೀಟರಿನ ಕಂತೂ ಹೀಗೆಯೇ ದಾರಿ ತಪ್ಪಿಸುತ್ತದೆ. ಮಳೆ, ಚಳಿ, ಬೆಂಕಿ ಕಾಯಿಸಿಕೊಳ್ಳುವ ಆಸೆ ಈ ಮೂರೂ ಸೇರಿದರೆ ಚಿಕ್ಕಮಗಳೂರು, ಕೊಪ್ಪ, ಶೃಂಗೇರಿಯ ಕಡೆಯವರಿಗೆ ನೆನಪಾಗುವುದು ಜುಲೈ ತಿಂಗಳೇ ಹೊರತು ಬೇರೆಯದಲ್ಲ. ಅಕ್ಕನ ಮಗ ಮಾತ್ರ ಚೀಟಿಯನ್ನು ಹಾಳೆಯ ಇನ್ನೊಂದು ತುದಿಗೆ ಸರಿಸಿ, "ಆಕಾಶ ನೋಡಬೇಡಿ ಮಾವ, ಹುಡುಗರ ಮೈಮೇಲಿನ ಬಟ್ಟೆ ನೋಡಿ," ಎಂದ. ಅವನ ಮಾತು ಸರಿ. ಜಪಾನಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಜೂನ್ 1ಕ್ಕೆ ಬೇಸಿಗೆಯ ಸಮವಸ್ತ್ರ, ಅಕ್ಟೋಬರ್ 1ಕ್ಕೆ ಚಳಿಗಾಲದ ಸಮವಸ್ತ್ರ ಎಂದು ಬದಲಾಯಿಸುವ ರೂಢಿಯಿದೆ. ಹುಡುಗರ ಮೈಮೇಲೆ ಕೋಟು ಇದ್ದರೆ ಆ ಕಂತು ಒಂದೋ ಮೇ ಮುಗಿಯುವ ಮೊದಲಿನದು, ಇಲ್ಲವೇ ಅಕ್ಟೋಬರ್ ನಂತರದ್ದು. ಅರ್ಧ ತೋಳಿದ್ದರೆ ನಡುವಿನದು. ಕ್ಯೋಟೊ ಆನಿಮೇಷನ್‌ನವರು ಈ ವಿಷಯದಲ್ಲಿ ಕೈಬಿಡುವುದಿಲ್ಲ. ಸಮವಸ್ತ್ರ ಮತ್ತು ಕೂದಲು ಎರಡನ್ನೇ ಹಿಡಿದು ಹೊರಟರೂ ಅರ್ಧಕ್ಕಿಂತ ಹೆಚ್ಚು ಚೀಟಿಗಳು ಸರಿಯಾದ ಋತುವಿಗೆ ಬಂದು ಬೀಳುತ್ತವೆ.

ಅದೇ ಮೊದಲ ಕಂತಿನ ಸಿನಿಮಾದಲ್ಲಿ ಚೆರ್ರಿ ಹೂಗಳು ಅರಳಿನಿಂತ ದೃಶ್ಯವೊಂದಿದೆ. ಜಪಾನಿನ ಬಗ್ಗೆ ಅಷ್ಟಿಷ್ಟು ತಿಳಿದವರು ಕೂಡಲೇ ಏಪ್ರಿಲ್ ಎಂದು ಗುರುತು ಹಾಕಿಬಿಡುತ್ತಾರೆ. ಆದರೆ ಅದು ಶರತ್ಕಾಲ. ಸಿನಿಮಾಕ್ಕೆ ಹೂ ಬೇಕೆಂದು ಹರುಹಿಗೆ ಅನ್ನಿಸಿದ್ದರಿಂದ ಮರಗಳು ಹೂ ಬಿಟ್ಟಿವೆ. ಜನವರಿಯಲ್ಲಿ ಅಕಾಲದ ಮಳೆ ಬಿದ್ದು ಕಾಫಿ ಗಿಡ ಹೊತ್ತಲ್ಲದ ಹೊತ್ತಿನಲ್ಲಿ ಹೂವಾದಾಗ ತೋಟದವರು ಹೇಗೆ ಹೂವನ್ನು ನೋಡಿ ತಿಂಗಳು ಹೇಳುವುದಿಲ್ಲವೋ ಹಾಗೆ, ಇಲ್ಲಿಯೂ ಹೂವನ್ನು ಬಿಟ್ಟು ಬೇರೆ ಸಾಕ್ಷಿ ಹುಡುಕಬೇಕು. ಹೊಸದಾಗಿ ಸೇರಿದ 'ಸೈ' ಎಂಬ ಐದು ಕಂತುಗಳಲ್ಲಿ ಈ ಚಿತ್ರೀಕರಣದ ಕಥೆಯೆಲ್ಲ ಬರುತ್ತದೆ: ಹೂ ಏಕೆ ಅರಳಿತು, ಬೆಕ್ಕು ಏಕೆ ಮಾತಾಡಿತು, ಕಣ್ಣಿನ ಕಿರಣ ಎಷ್ಟು ಅಪಾಯದ್ದಾಗಿತ್ತು. 28ರ ಕ್ರಮದಲ್ಲಿ 20ರಿಂದ 24ರವರೆಗೆ ಚಿತ್ರೀಕರಣ, 25ರಲ್ಲಿ ಸಿನಿಮಾ. ಬಗೆಹರಿದ ಒಗಟನ್ನು ಆಮೇಲೆ ಕೇಳಿದಂತೆ ಆಗುತ್ತದೆಯಾದರೂ, ಎರಡನೆಯ ಸಲ ನೋಡುವವರಿಗೆ ಆ ಸಿನಿಮಾದ ಪ್ರತಿ ತಪ್ಪಿನ ಹಿಂದಿನ ಕಾರಣ ಗೊತ್ತಿರುವುದರಿಂದ ನಗು ಹೆಚ್ಚೇ ಬರುತ್ತದೆ. ಆದರೂ ಈ ಐದು ಕಂತುಗಳು ಸ್ವಲ್ಪ ಎಳೆದಂತಿವೆ, ಮೂರರಲ್ಲಿ ಮುಗಿಸಬಹುದಿತ್ತು. ಹರುಹಿ ಮಿಕುರುವನ್ನು ನಡೆಸಿಕೊಳ್ಳುವ ರೀತಿಯೂ ಇಲ್ಲಿ ಸಹಿಸಲು ಕಷ್ಟವಾಗುವಷ್ಟು ಒರಟಾಗಿದೆ.

ಹೊಸ ಕಂತುಗಳಲ್ಲಿ ಕಾಲಗಣನೆಯ ಮಟ್ಟಿಗೆ ಚಿನ್ನದಂಥದ್ದು ಎಂಟನೆಯದಾದ 'ಬ್ಯಾಂಬೂ ಲೀಫ್ ರಾಪ್ಸೊಡಿ'. ಅಂದು ಜುಲೈ 7, ಜಪಾನಿನವರು ಬಿದಿರಿನ ಕೊಂಬೆಗೆ ಹರಕೆಯ ಚೀಟಿ ಕಟ್ಟುವ ತನಾಬಾತಾ ಹಬ್ಬ. ಹರಕೆ ಸಲ್ಲಬೇಕಾದ ಎರಡು ನಕ್ಷತ್ರಗಳು, ಅಂದರೆ ವೇಗಾ ಮತ್ತು ಆಲ್ಟೇರ್, 25 ಮತ್ತು 16 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ, 25 ವರ್ಷ ಮತ್ತು 16 ವರ್ಷಗಳ ನಂತರಕ್ಕೆ ಬೇಕಾದುದನ್ನೇ ಬರೆಯಬೇಕೆಂದು ಹರುಹಿ ಅಪ್ಪಣೆ ಮಾಡುತ್ತಾಳೆ. ಅದೇ ಸಂಜೆ ಮಿಕುರು ಕ್ಯೋನ್‌ನನ್ನು ಮೂರು ವರ್ಷ ಹಿಂದಿನ ಜುಲೈ 7ಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಅವನು ಮಿಡ್ಲ್ ಸ್ಕೂಲಿನ ಪುಟ್ಟ ಹರುಹಿಗೆ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆಗಳಿಂದ ವಿಚಿತ್ರ ಚಿಹ್ನೆ ಬರೆದುಕೊಡುತ್ತಾನೆ, ಹೆಸರು ಕೇಳಿದಾಗ ಜಾನ್ ಸ್ಮಿತ್ ಎನ್ನುತ್ತಾನೆ. ಮರಳಿ ಬರುವ ದಾರಿ ಮುಚ್ಚಿಹೋದಾಗ ನಾಗಾತೊಳ ಮನೆಗೆ ಹೋಗಿ, ಅವಳ ಕೋಣೆಯಲ್ಲಿ ಮೂರು ವರ್ಷ ಕಾಲ ನಿಂತಂತೆ ಮಲಗಿ ವರ್ತಮಾನಕ್ಕೆ ಬಂದು ಸೇರುತ್ತಾನೆ.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದು ಕಾಗದದ ಮೇಲೆ ಹಾಕಿದಾಗಲೇ ಗೊತ್ತಾಗುವುದು. 'ಮೆಲಂಕಲಿ' ಮೊದಲ ಭಾಗದಲ್ಲಿ ಸಹಪಾಠಿಯೊಬ್ಬ ಹರುಹಿಯ ಹಳೆಯ ಕಿತಾಪತಿಗಳ ಬಗ್ಗೆ ಮಾತಾಡುತ್ತ ಆ ಮೈದಾನದ ಗೆರೆಗಳನ್ನು ಪ್ರಸ್ತಾಪಿಸಿದ್ದ. ಅದನ್ನು ಸುಮ್ಮನೆ ಕೇಳಿಸಿಕೊಂಡ ಕ್ಯೋನ್‌ನೇ ಅದನ್ನು ಬರೆದವನು, ಆದರೆ ಅವನ ಮಟ್ಟಿಗೆ ಆ ಕೆಲಸ ಇನ್ನೂ ಆಗಿಲ್ಲ. ನಾಗಾತೊ ಅವನನ್ನು ಮೊದಲ ಬಾರಿಗೆ ಸಂಘದ ಕೋಣೆಯಲ್ಲಿ ಕಂಡಾಗ, ಅವಳ ಮಟ್ಟಿಗೆ ಅದು ಮೊದಲ ಭೇಟಿಯೇ ಅಲ್ಲ. ವಯಸ್ಕಳಾಗಿ ಬರುವ ಮಿಕುರು ತನ್ನ ಎದೆಯ ನಕ್ಷತ್ರಾಕಾರದ ಮಚ್ಚೆಯನ್ನು ಗುರುತಾಗಿ ತೋರಿಸುವುದೂ ಇಂಥದೇ. ಆ ಮಚ್ಚೆಯ ಸಂಗತಿ ಚಿಕ್ಕ ಮಿಕುರುವಿಗೇ ಆಗ ಗೊತ್ತಿರುವುದಿಲ್ಲ. ಹೀಗಾಗಿ ಒಂದೇ ಸಾಲಿನ ಪಟ್ಟಿ ಸಾಲುವುದಿಲ್ಲ. ಮೇಲೊಂದು ಕ್ಯಾಲೆಂಡರಿನ ಸಾಲು, ಅದರ ಕೆಳಗೆ ಕ್ಯೋನ್, ನಾಗಾತೊ, ಮಿಕುರು ಒಬ್ಬೊಬ್ಬರಿಗೂ ಅವರವರು ಬದುಕಿದ ಕ್ರಮದ ಸಾಲು ಎಂದು ಹಾಕಿಕೊಂಡರೆ ಮಾತ್ರ ಗಂಟು ಬಿಚ್ಚುತ್ತದೆ. 2006ರ ಹದಿನಾಲ್ಕರಲ್ಲಿ ಈ ಕಂತು ಇಲ್ಲದ ಕಾರಣ ಆ ಸರಣಿಯನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಾಗಿತ್ತು. ಕಂತುಗಳನ್ನು ನೆಟ್ಟಗೆ ಜೋಡಿಸಿಕೊಟ್ಟ 28ರ ಆವೃತ್ತಿಯೇ ಕಾಲದ ಲೆಕ್ಕವನ್ನು ಮೊದಲಿಗಿಂತ ಕಠಿಣ ಮಾಡಿಟ್ಟಿದೆ ಎಂಬುದು ತಮಾಷೆಯ ವಿಷಯ, ಮತ್ತು ಈ ಆವೃತ್ತಿಯ ಪರವಾಗಿ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತೂ ಅದೇ.

ಇನ್ನು ಎಲ್ಲರೂ ದೂರುವ 'ಎಂಡ್‌ಲೆಸ್ ಎಯ್ಟ್'. ಮೂಲದಲ್ಲಿ ಒಂದು ಸಣ್ಣ ಕಥೆಯಾಗಿರುವ ಇದನ್ನು 12ರಿಂದ 19ರವರೆಗೆ ಎಂಟು ಕಂತುಗಳಾಗಿ ಮಾಡಿದ್ದಾರೆ, ಅದೂ ಎಂಟೂ ಸಲ ಬಹುಮಟ್ಟಿಗೆ ಅದೇ ಕಥೆ: ಈಜುಕೊಳ, ಹಬ್ಬದ ಕುಣಿತ, ಪಟಾಕಿ, ಜೀರುಂಡೆ ಹಿಡಿಯುವುದು, ಮಹಡಿಯ ಮೇಲೆ ನಕ್ಷತ್ರ ನೋಡುವುದು, ಕೊನೆಗೆ ಕಾಫಿ ಅಂಗಡಿಯಲ್ಲಿ ಹರುಹಿ ಬಿಲ್ ಎತ್ತಿಕೊಂಡು ಎದ್ದು ಹೋಗುವುದು, ಅವಳನ್ನು ತಡೆದು ಏನೋ ಹೇಳಬೇಕೆಂದು ಕ್ಯೋನ್‌ಗೆ ಅನ್ನಿಸಿದರೂ ಬಾಯಿ ಬಾರದಿರುವುದು. ರಜೆ ಮುಗಿಯಬಾರದೆಂಬ ಹರುಹಿಯ ಒಳಮನಸ್ಸಿನಿಂದ ಆಗಸ್ಟ್ 31ರ ನಂತರ ಮತ್ತೆ ಆಗಸ್ಟ್ 17 ಬರುತ್ತದೆ. ಇದು ತಿರುಗುಣಿ ಎಂಬ ಸುಳಿವು ಮೊದಲ ಬಾರಿ ಸಿಗುವುದು 13ನೆಯ ಕಂತಿನಲ್ಲಿ. ಇದು 15,498ನೆಯ ಸುತ್ತು ಎಂದು ನಾಗಾತೊ ಮುಖದ ಗೆರೆ ಅಲುಗಿಸದೆ ಹೇಳುತ್ತಾಳೆ. ಎಲ್ಲ ಮುಗಿದು ಸೆಪ್ಟೆಂಬರ್ ಬರುವುದು 15,532ನೆಯ ಸುತ್ತಿನಲ್ಲಿ, ಕ್ಯೋನ್ ಹೋಮ್‌ವರ್ಕ್ ಬರೆದಿಲ್ಲವೆಂದು ಕೂಗಿ ಎಲ್ಲರನ್ನೂ ಮನೆಗೆ ಕರೆದಾಗ.

ಕ್ಯಾಲೆಂಡರಿನ ಸಾಲಿನಲ್ಲಿ ಇದಕ್ಕೆಲ್ಲ ಬೇಕಾಗುವುದು ಎರಡು ವಾರದಷ್ಟು ಜಾಗ. ಆದರೆ ಉಳಿದವರಿಗೆ ಮರೆತುಹೋಗುವ ಅಷ್ಟೂ ಸುತ್ತುಗಳು ನಾಗಾತೊಗೆ ನೆನಪಿರುತ್ತವೆ. ಸುತ್ತಿಗೆ ಎರಡು ವಾರವೆಂದು ಗುಣಿಸಿದರೆ ಸುಮಾರು 595 ವರ್ಷ. ಅಂದರೆ ವಿಜಯನಗರದ ಅರಸರ ಕಾಲದಿಂದ ಇಂದಿನವರೆಗೆ ಒಬ್ಬಳು ಅದೇ ಈಜುಕೊಳಕ್ಕೆ ಹೋಗಿ ಬಂದಂತೆ. ಎಂಟೂ ಕಂತುಗಳ ಚಿತ್ರ ಮತ್ತು ಧ್ವನಿಯನ್ನು ಪ್ರತಿ ಸಲ ಹೊಸದಾಗಿಯೇ ಮಾಡಿದ್ದಾರೆ. ಬಟ್ಟೆ ಬೇರೆ, ಕ್ಯಾಮರಾ ಕೋನ ಬೇರೆ, ಹಬ್ಬದ ಅಂಗಡಿಯಲ್ಲಿ ನಾಗಾತೊ ಕೊಳ್ಳುವ ಮುಖವಾಡ ಬೇರೆ. ಬಟ್ಟೆಗಳನ್ನು ಹೋಲಿಸಿ ಪಟ್ಟಿ ಮಾಡುವ ಉತ್ಸಾಹವಿದ್ದರೆ ಎಂಟನ್ನೂ ನೋಡಿ. 2009ರಲ್ಲಿ ವಾರಕ್ಕೊಂದರಂತೆ ಎಂಟು ವಾರ ಕಾದವರ ಸಿಟ್ಟು ನ್ಯಾಯವಾದದ್ದೇ. ಒಟ್ಟಿಗೆ ನೋಡುವ ನಮಗೆ ಅಷ್ಟು ಕಷ್ಟವಿಲ್ಲ. ಆದರೂ ಮಾಡಿದ್ದನ್ನು ಸಮರ್ಥಿಸಿಕೊಳ್ಳುವಷ್ಟು ಬಲ ನಡುವಿನ ಕಂತುಗಳಲ್ಲಿ ಇಲ್ಲ. 12, 13 ಮತ್ತು 19 ನೋಡಿ, ನಡುವಿನಿಂದ ಮನಸ್ಸಿಗೆ ಬಂದ ಒಂದನ್ನು ಆರಿಸಿಕೊಂಡರೆ ಧಾರಾಳವಾಯಿತು.

28ರ ಕ್ರಮದ ನಿಜವಾದ ಕೊರತೆ ಬೇರೆ ಕಡೆ ಇದೆ. ಲೋಕವೇ ಮುಗಿದುಹೋಗುವ ಸ್ಥಿತಿಗೆ ಬಂದು ಕ್ಯೋನ್ ಒಂದು ನಿರ್ಧಾರ ಮಾಡಬೇಕಾಗುವ 'ಮೆಲಂಕಲಿ' ಆರನೆಯ ಭಾಗ ಇಲ್ಲಿ ಆರನೆಯ ಕಂತಿನಲ್ಲೇ ಬಂದುಹೋಗುತ್ತದೆ. ಆಮೇಲಿನ 22 ಕಂತುಗಳಲ್ಲಿ ಅಷ್ಟು ಎತ್ತರಕ್ಕೆ ಹೋಗುವ ಘಟ್ಟ ಇನ್ನೊಂದಿಲ್ಲ. 2006ರವರು ಅದನ್ನೇ ಕೊನೆಗಿಟ್ಟು, ಅದಕ್ಕೆ ಮುಂಚೆ ಹಬ್ಬದ ವೇದಿಕೆಯಲ್ಲಿ ಹರುಹಿ ಬೇರೆಯವರಿಗಾಗಿ ಹಾಡುವ 'ಲೈವ್ ಅಲೈವ್' ಅನ್ನು ತೋರಿಸಿಬಿಟ್ಟಿದ್ದರು. ತಾರೀಖಿನ ಪ್ರಕಾರ ನವೆಂಬರಿನ ಆ ಹರುಹಿಯನ್ನು ಕಂಡ ಪ್ರೇಕ್ಷಕನಿಗೆ ಮೇ ತಿಂಗಳ ಹರುಹಿಯನ್ನು ಕ್ಯೋನ್ ಏಕೆ ಬಿಟ್ಟುಕೊಡುವುದಿಲ್ಲವೆಂದು ಯಾರೂ ವಿವರಿಸಬೇಕಾಗಿಲ್ಲ. ತಾರೀಖಿಗೆ ವಿರುದ್ಧವಾದ ಜೋಡಣೆ ಪಾತ್ರದ ಬೆಳವಣಿಗೆಗೆ ಸರಿಯಾಗಿ ಕೂತಿದೆ.

ಕೊಳ್ಳುವವರಿಗೂ ಚಂದಾ ಕಟ್ಟುವವರಿಗೂ ಒಂದೆರಡು ಮಾತು. ನಾನು ನೋಡಿದ ಸ್ಟ್ರೀಮಿಂಗ್ ಸೇವೆಯಲ್ಲಿ ಹಳೆಯ ಹದಿನಾಲ್ಕನ್ನು ಸೀಸನ್ 1, ಹೊಸ ಹದಿನಾಲ್ಕನ್ನು ಸೀಸನ್ 2 ಎಂದು ಬೇರ್ಪಡಿಸಿಟ್ಟಿದ್ದರು. ಇದು ಶುದ್ಧ ಅಡ್ಡದಾರಿ. ಎರಡನೆಯ ಹದಿನಾಲ್ಕು ಮೊದಲ ಹದಿನಾಲ್ಕರ ನಂತರದ ಕಥೆಯಲ್ಲ. ಪಟ್ಟಿ ಹೀಗಿದ್ದರೆ 'ಬ್ಯಾಂಬೂ ಲೀಫ್' ಅನ್ನು 'ಬೋರ್ಡಮ್' ಆದ ಮೇಲೆ, 'ಎಂಡ್‌ಲೆಸ್ ಎಯ್ಟ್' ಅನ್ನು 'ರಿಮೋಟ್ ಐಲೆಂಡ್ ಸಿಂಡ್ರೋಮ್' (28ರ ಲೆಕ್ಕದ 10, 11) ಎರಡೂ ಭಾಗಗಳಾದ ಮೇಲೆ, 'ಸೈ' ಅನ್ನು ಮಿಕುರುವಿನ ಸಿನಿಮಾಕ್ಕೆ ಮೊದಲು ಸೇರಿಸಿಕೊಳ್ಳಬೇಕು. ಅಲ್ಲಿ ಕನ್ನಡದ ಸಬ್‌ಟೈಟಲ್ ಇರಲಿಲ್ಲ. ಇಂಗ್ಲಿಷಿನದು ಚೆನ್ನಾಗಿತ್ತು, ಆದರೆ ಕ್ಯೋನ್ ಒಂದೇ ಉಸಿರಿನಲ್ಲಿ ಗೊಣಗುತ್ತ ಹೋಗುವುದರಿಂದ ಓದಿ ಮುಗಿಸುವಷ್ಟರಲ್ಲಿ ಗೋಡೆಯ ಮೇಲಿನ ವಿವರ ದಾಟಿಹೋಗಿರುತ್ತದೆ. ಆಗಾಗ ನಿಲ್ಲಿಸಿ ನೋಡಬೇಕು. ಮಳೆಗಾಲದಲ್ಲಿ ನೋಡುವವರು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಕರೆಂಟು ಹೋದಾಗಲೂ ಕೆಲಸ ನಿಲ್ಲುವುದಿಲ್ಲ.

28 ಮುಗಿದ ಮೇಲೆ 2010ರ ಫೆಬ್ರವರಿಯಲ್ಲಿ ತೆರೆಕಂಡ 'ದ ಡಿಸಪಿಯರೆನ್ಸ್ ಆಫ್ ಹರುಹಿ ಸುಜುಮಿಯಾ' ಚಲನಚಿತ್ರವನ್ನು ನೋಡಲೇಬೇಕು. 162 ನಿಮಿಷದ್ದು, ಒಂದೇ ಕೂತಿಗೆ ನೋಡುವಂಥದ್ದು. ಡಿಸೆಂಬರ್ 18ರ ಬೆಳಿಗ್ಗೆ ಕ್ಯೋನ್ ಶಾಲೆಗೆ ಹೋದರೆ ಹರುಹಿ ಇಲ್ಲ, ಅವಳ ಜಾಗದಲ್ಲಿ ಬಂದು ಕೂರುವವಳು ಅಸಾಕುರಾ. ಅವಳು ತರಗತಿಯಲ್ಲಿದ್ದರೆ ಅದು ವರ್ಷದ ಆರಂಭ ಎಂಬ ನಿಯಮವನ್ನು ಚೀಟಿಗಳ ಮೇಲೆ ಬರೆದಿಟ್ಟುಕೊಂಡವರಿಗೆ ಆ ಒಂದು ದೃಶ್ಯ ಕೊಡುವ ಪೆಟ್ಟು, ಸುಮ್ಮನೆ ನೋಡಿಕೊಂಡು ಬಂದವರಿಗೆ ಅಷ್ಟಾಗಿ ತಟ್ಟಲಾರದು. ಮೂರು ವರ್ಷ ಹಿಂದಿನ ಆ ಜುಲೈ 7ಕ್ಕೆ ಕಥೆ ಇನ್ನೊಮ್ಮೆ ಹೋಗುತ್ತದೆ, ಆದ್ದರಿಂದ ಹಾಳೆಯಲ್ಲಿ ಆ ದಿನದ ಕೆಳಗೆ ಜಾಗ ಬಿಟ್ಟಿರಬೇಕು. ಲೋಕ ಬದಲಾದದ್ದು ಏಕೆ ಎಂಬುದಕ್ಕೆ ಕಾರಣ ಆ 15,532 ಸುತ್ತುಗಳ ಒಂಟಿತನದಲ್ಲೂ ಇರುವುದರಿಂದ, ಬೇಸರವೆಂದು 'ಎಂಡ್‌ಲೆಸ್ ಎಯ್ಟ್' ಅನ್ನು ಪೂರ್ತಿ ಹಾರಿಸಿ ಚಲನಚಿತ್ರಕ್ಕೆ ಬಂದರೆ ನಾಗಾತೊ ಮಾಡಿದ್ದು ಅರ್ಥವಾಗುವುದಿಲ್ಲ. ಕೊನೆಯ ಹೆಸರುಗಳ ಪಟ್ಟಿ ಓಡುವಾಗ ಎದ್ದು ಹೋಗಬೇಡಿ. ಆಮೇಲೆ ಗ್ರಂಥಾಲಯದ ಪುಟ್ಟ ದೃಶ್ಯವೊಂದಿದೆ. ಅದರ ಕೊಂಡಿ ಇರುವುದು 28ರ ಲೆಕ್ಕದ 3ನೆಯ ಕಂತಿನಲ್ಲಿ, ಕ್ಯೋನ್ ನಾಗಾತೊಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಅವಳಿಗೆ ಕಾರ್ಡ್ ಮಾಡಿಸಿಕೊಡುವಲ್ಲಿ.